ಪದಚರ್ಚೆ: ಮೂಳೆ ಸವೆಯುತ್ತದೋ, ಕರಗುತ್ತದೋ? ಒಂದು ಹಾಳೆಗೆ ಪದ ಬೇಕಾಗಿದೆ

ಬಳಗದವರಿಗೆ ನಮಸ್ಕಾರ.

ಸಣ್ಣ ಕೆಲಸ ಅಂತ ಒಪ್ಪಿಕೊಂಡು ಪದಗಳ ನಡುವೆ ಸಿಕ್ಕಿಹಾಕಿಕೊಂಡಿದ್ದೇನೆ. ನಮ್ಮ ಸೋದರತ್ತೆಗೆ ರುಮಟಾಯ್ಡ್ ಆರ್ಥ್ರೈಟಿಸ್ (ಕೀಲುಗಳು ಊದಿ ಹಾಳಾಗುವ ಕಾಯಿಲೆ), ಹನ್ನೊಂದು ವರ್ಷದಿಂದ. ಈಚೆಗೆ ಡಾಕ್ಟರು ಮೂಳೆಗೆ ಅಂತ ವಾರಕ್ಕೊಂದು ಮಾತ್ರೆ ಬರೆದುಕೊಟ್ಟರು. ಜೊತೆಗೆ ಇಂಗ್ಲಿಷಿನಲ್ಲಿ ಎರಡು ಪುಟದ ಒಂದು ಮಾಹಿತಿ ಹಾಳೆ. “ನೀ ಬರೀತೀಯಲ್ಲ, ಕನ್ನಡದಾಗ ಮಾಡಿಕೊಡು” ಅಂದರು ಅತ್ತೆ. ಮಾಡಿಕೊಟ್ಟೆ. ಮೂಳೆ ಹಾಳಾಗುವ ಮಾತು ಬಂದ ಕಡೆಯೆಲ್ಲ ‘ಮೂಳೆ ಸವೆತ’ ಅಂತ ಹಾಕಿದೆ. ಎಲ್ಲರೂ ಹಾಗೇ ಹೇಳೋದು, ಅಲ್ವಾ?

ಹದಿನೈದು ದಿನ ಬಿಟ್ಟು ಹಾವೇರಿಗೆ ಹೋದರೆ ಅತ್ತೆ ಸಂಜೆಯ ನಡಿಗೆ ಬಿಟ್ಟಿದ್ದರು. ಯಾಕೆ ಅಂತ ಕೇಳಿದ್ದಕ್ಕೆ ನನ್ನ ಹಾಳೆಯನ್ನೇ ಮುಂದೆ ಹಿಡಿದರು. “ಎಲುಬು ಸವದಾವ ಅಂತ ನೀನ ಬರದೀಯಲ್ಲೋ ತಮ್ಮಾ. ಸವದದ್ದನ್ನ ಮತ್ತ ತಿಕ್ಕಿದ್ರ ಏನ್ ಉಳೀತದ?” ಬಾಗಿಲ ಹತ್ತಿರ ಬಿಟ್ಟಿದ್ದ ಚಪ್ಪಲಿ ಎತ್ತಿ ಹಿಮ್ಮಡಿಯ ಕಡೆ ತೆಳ್ಳಗಾಗಿದ್ದನ್ನೂ ತೋರಿಸಿದರು. ಹಾಳೆಯ ಎರಡನೇ ಪುಟದಲ್ಲಿ ‘ದಿನಾ ನಡೆಯಿರಿ, ಮೈ ಭಾರ ಬಿದ್ದರೆ ಮೂಳೆ ಗಟ್ಟಿಯಾಗುತ್ತದೆ’ ಅಂತ ಇತ್ತು. ಅತ್ತೆ ಅದನ್ನೂ ಓದಿದ್ದರು. ಒಂದಕ್ಕೊಂದು ತಾಳೆಯಾಗಲಿಲ್ಲ ಅಂತ ಮೊದಲನೆಯದನ್ನು ನಂಬಿದರು.

ಅವರ ಲೆಕ್ಕದಲ್ಲಿ ತಪ್ಪಿಲ್ಲ. ‘ಸವೆ’ ಅನ್ನೋ ಮಾತು ನಮಗೆ ಬಂದಿರೋದೇ ಚಪ್ಪಲಿ, ಒರಳುಕಲ್ಲು, ದೇವಸ್ಥಾನದ ಮೆಟ್ಟಿಲು, ಬಸ್ಸಿನ ಟೈರು ಇಂಥವುಗಳಿಂದ. ಬಳಸಿದಷ್ಟೂ ಸವೆಯುತ್ತದೆ. ಸುಮ್ನೆ ಇಟ್ಟರೆ ಉಳಿಯುತ್ತದೆ. ಅಲ್ಲಿ ಉಜ್ಜಾಟ ಇದೆ, ಮಾಡುವವರು ಯಾರೂ ಇಲ್ಲ. ವಯಸ್ಸಾದವರ ‘ಮಂಡಿ ಸವೆತ’ಕ್ಕೆ ಈ ಮಾತು ಹೇಗೋ ನಡೆಯುತ್ತದೆ. ಅಲ್ಲಿಯೂ ಮೊದಲು ಹೋಗೋದು ಮೂಳೆಯಲ್ಲ, ಮೂಳೆಯ ತುದಿಗೆ ಹೊದಿಸಿರುವ ಮೃದ್ವಸ್ಥಿ. ಆದರೆ ಅತ್ತೆಯ ಕಾಯಿಲೆಯಲ್ಲಿ ಮೂಳೆ ತಾನಾಗಿ ಸವೆಯುತ್ತಿಲ್ಲ. ಅದನ್ನು ತೆಗೆಯುವ ಕಣಗಳಿವೆ, ಅಂದರೆ ಜೀವಕೋಶಗಳು. ನನ್ನ ವಾಕ್ಯದಲ್ಲಿ ಅವಕ್ಕೆ ಜಾಗವೇ ಇರಲಿಲ್ಲ.

ಆ ಕಣದ ಹೆಸರು ಆಸ್ಟಿಯೋಕ್ಲಾಸ್ಟ್. ಮೂಳೆ ಕಟ್ಟುವ ಕಣ ಆಸ್ಟಿಯೋಬ್ಲಾಸ್ಟ್. ಎರಡಕ್ಕೂ ಕೆಲಸ ಒಂದೇ ಮನೆಯಲ್ಲಿ. ಹಳೆ ಗಾರೆ ಕಿತ್ತು ಹೊಸ ಗಾರೆ ಮೆತ್ತುವ ಹಾಗೆ ಒಂದು ಕಡೆ ತೆಗೆಯೋದು, ಅದೇ ಜಾಗಕ್ಕೆ ತುಂಬೋದು. ದೊಡ್ಡವರಲ್ಲಿ ವರ್ಷಕ್ಕೆ ಹೆಚ್ಚುಕಡಿಮೆ ಶೇ. 10ರಷ್ಟು ಮೂಳೆ ಹೀಗೆ ಹೊಸದಾಗುತ್ತದೆ. ಒಂದು ಕಡೆ ಕೀಳೋ ಕೆಲಸ ಎರಡು ಮೂರು ವಾರದಲ್ಲಿ ಮುಗಿದರೆ ತುಂಬೋಕೆ ಮೂರು ನಾಲ್ಕು ತಿಂಗಳು ಬೇಕು. ಮನೆ ಕೆಡವಿಸಿ ಕಟ್ಟಿಸಿದವರಿಗೆ ಇದನ್ನು ವಿವರಿಸಬೇಕಿಲ್ಲ.

ಇನ್ನು ಪದದ ಮಾತು. ‘ಕ್ಲಾಸ್ಟ್’ ಅಂದರೆ ಗ್ರೀಕಿನಲ್ಲಿ ಒಡೆಯುವುದು. 1873ರಲ್ಲಿ ಕೋಲಿಕರ್ ಎಂಬ ಅಂಗರಚನಾ ವಿಜ್ಞಾನಿ ಈ ಹೆಸರಿಟ್ಟ. ಕಟ್ಟುವ ಕಣಕ್ಕೆ ಅದಕ್ಕೂ ಮುಂಚೆ, 1864ರಲ್ಲಿ, ಗೇಗೆನ್‌ಬಾವರ್ ಹೆಸರಿಟ್ಟಿದ್ದ. ಆಸ್ಟಿಯೋಕ್ಲಾಸ್ಟ್ ಅನ್ನೋದನ್ನು ಸಂಸ್ಕೃತಕ್ಕೆ ತಿರುಗಿಸಿದರೆ ‘ಅಸ್ಥಿಭಂಜಕ’ ಆಗುತ್ತದೆ, ಮೂರ್ತಿಭಂಜಕ ಇದ್ದ ಹಾಗೆ. ನನಗೆ ಇದು ಎರಡು ಕಾರಣಕ್ಕೆ ಬೇಡ. ಒಂದು, ಅಸ್ಥಿಭಂಗ ಅಂದರೆ ಮೂಳೆ ಮುರಿತ. ಈ ಕಣ ಮೂಳೆ ಮುರಿಯೋದಿಲ್ಲ. ಎರಡನೆಯದು ಅತ್ತೆಯಿಂದಲೇ ಗೊತ್ತಾಯಿತು. ಹಾಳೆಯಲ್ಲಿ ಒಂದು ಕಡೆ ಮಾತ್ರ ‘ಅಸ್ಥಿಕೋಶ’ ಅಂತ ಉಳಿದುಬಿಟ್ಟಿತ್ತು. ಅದನ್ನು ಅವರು ಪೆನ್ಸಿಲಿನಲ್ಲಿ ಹೊಡೆದು ಹಾಕಿದ್ದರು. ನಮ್ಮ ಮನೆಗಳಲ್ಲಿ ಅಸ್ಥಿ ಅಂದರೆ ಸುಟ್ಟ ಮೇಲೆ ಉಳಿದದ್ದು, ಹೊಳೆಗೆ ಬಿಡೋದು. ಬದುಕಿರೋರ ಮೈಯಲ್ಲಿ ಅಸ್ಥಿ ಇರೋದಿಲ್ಲ, ಎಲುಬು ಇರುತ್ತದೆ.

ಯೋಚಿಸಿ ನೋಡಿದರೆ ಅತ್ತೆ ಹೇಳಿದ್ದರಲ್ಲಿ ವಿಜ್ಞಾನವೂ ಇದೆ. ಮೂಳೆಯಲ್ಲಿ ಇರೋದು ಮುಖ್ಯವಾಗಿ ಎರಡು: ಸುಣ್ಣದಂಥ ಖನಿಜ, ಮತ್ತೆ ಕೊಲಾಜೆನ್ ಎಂಬ ನಾರು. ಸುಟ್ಟರೆ ನಾರು ಹೋಗಿ ಖನಿಜ ಉಳಿಯುತ್ತದೆ. ಮುಟ್ಟಿದರೆ ಪುಡಿಪುಡಿ. ಅದೇ ಅಸ್ಥಿ. ಉಲ್ಟಾ ನೋಡಬೇಕಾದರೆ ಕೋಳಿಯ ಕಾಲಿನ ಮೂಳೆಯನ್ನು ವಿನೆಗರ್‌ನಲ್ಲಿ ಹಾಕಿಡಿ. ನಮ್ಮ ಮನೆಯಲ್ಲಿ ಮಕ್ಕಳು ಉಪ್ಪಿನಕಾಯಿ ಬಾಟಲಿಯಲ್ಲಿ ಒಂದು ವಾರ ಇಟ್ಟಿದ್ದರು. ಹೊರಗೆ ತೆಗೆದಾಗ ಮೂಳೆಯ ಆಕಾರ ಹಾಗೇ ಇತ್ತು, ಆದರೆ ರಬ್ಬರಿನ ಹಾಗೆ ಬಾಗುತ್ತಿತ್ತು. ಖನಿಜ ಕರಗಿ ನಾರು ಉಳಿದಿತ್ತು.

ಆಸ್ಟಿಯೋಕ್ಲಾಸ್ಟ್ ಇವೆರಡನ್ನೂ ಮಾಡುತ್ತದೆ. ಬಿಳಿ ರಕ್ತಕಣಗಳ ಒಂದು ಕವಲಿನ ಕಣಗಳು ಹಲವಾರು ಕೂಡಿ ಒಂದಾಗಿ ಆದ ದೊಡ್ಡ ಕಣ ಇದು. ಹಾಗಾಗಿ ಒಂದೇ ಕಣದಲ್ಲಿ ಹಲವು ಕೋಶಕೇಂದ್ರ. ಮೂಳೆಯ ಮೇಲೆ ಕೂತು, ದೋಸೆ ಹಂಚಿನ ಮೇಲೆ ಮುಚ್ಚಳ ಕವುಚಿದ ಹಾಗೆ ಅಂಚನ್ನು ಬಿಗಿಯಾಗಿ ಅಂಟಿಸಿಕೊಳ್ಳುತ್ತದೆ. ಆಮೇಲೆ ಆ ಮುಚ್ಚಳದ ಅಡಿಗೆ ಆಮ್ಲ ಬಿಡುತ್ತದೆ. ಖನಿಜ ಕರಗುತ್ತದೆ. ಹಿಂದೆಯೇ ಕ್ಯಾಥೆಪ್ಸಿನ್ ಕೆ ಎಂಬ ಕಿಣ್ವ ಬಂದು ನಾರನ್ನು ಕತ್ತರಿಸುತ್ತದೆ. ಚೂರುಗಳನ್ನು ಕಣ ಒಳಗೆ ಎಳೆದುಕೊಂಡು ಇನ್ನೊಂದು ಬದಿಯಿಂದ ಹೊರಗೆ ಬಿಡುತ್ತದೆ. ಕ್ಯಾಲ್ಸಿಯಂ ರಕ್ತಕ್ಕೆ ಸೇರುತ್ತದೆ.

ಇದಕ್ಕೆ ಕನ್ನಡದಲ್ಲಿ ಎರಡು ಕ್ರಿಯಾಪದ ಸಾಕು ಅನ್ನಿಸಿತು: ಕರಗಿಸು, ಅರಗಿಸು. ಖನಿಜವನ್ನು ಕರಗಿಸುತ್ತದೆ, ನಾರನ್ನು ಅರಗಿಸುತ್ತದೆ. ಪ್ರಾಸ ತಾನಾಗಿ ಕೂಡಿಬಂತು, ನಾನು ಹುಡುಕಲಿಲ್ಲ. ಈ ಕ್ರಿಯೆಗೆ ‘ಮರುಹೀರಿಕೆ’ ಅಂತಲೂ ಹೇಳಬಹುದು, ಇಂಗ್ಲಿಷಿನ ‘ರಿಸಾರ್ಪ್ಷನ್’ ಪದಕ್ಕೆ ಅದು ಅಕ್ಷರಶಃ ಸರಿ. ಆದರೆ ‘ಮೂಳೆಯ ಮರುಹೀರಿಕೆ ಹೆಚ್ಚಾಗಿದೆ’ ಅಂತ ಬರೆದು ಮನೆಯಲ್ಲಿ ಯಾರಿಗಾದರೂ ಓದಿ ಹೇಳಿ. ‘ಓ, ಮೂಳೆ ಚೆನ್ನಾಗಿ ಕ್ಯಾಲ್ಸಿಯಂ ಹೀರಿಕೊಳ್ತಾ ಇದೆ, ಒಳ್ಳೇದಾಯ್ತು’ ಅನ್ನುತ್ತಾರೆ. ನಾನು ಇಬ್ಬರ ಮೇಲೆ ಪ್ರಯೋಗ ಮಾಡಿದೆ. ಇಬ್ಬರೂ ಹಾಗೇ ಅಂದರು. ರೋಗಿಗೆ ಕೊಡುವ ಹಾಳೆಯಲ್ಲಿ ಉಲ್ಟಾ ಅರ್ಥ ಕೊಡುವ ಪದ ಇರಬಾರದು.

‘ಮೂಳೆ ತಿನ್ನುವ ಕಣ’ ಅಂತಲೂ ಒಮ್ಮೆ ಬರೆದೆ. ಹೇಳೋಕೆ ಸುಲಭ, ತಪ್ಪೂ ಅಲ್ಲ. ಆದರೆ ಅದನ್ನು ಓದಿದ ನನ್ನ ಹೆಂಡತಿ ಮೊದಲು ಕೇಳಿದ್ದು, “ಅತ್ತೆಗೆ ಕ್ಯಾನ್ಸರಾ?” ಅಂತ. ಬಿಟ್ಟೆ.

ಅಚ್ಚಗನ್ನಡದ ಗೆಳೆಯರು ‘ಎಲುಬುಗಟ್ಟುಗ’, ‘ಎಲುಬುಗರಗಿಸುಗ’ ಎನ್ನಬಹುದು. ಮೊದಲನೆಯದು ಇಷ್ಟ ಆಯಿತು. ಎರಡನೆಯದನ್ನು ಮೂರು ಸಲ ಗಟ್ಟಿಯಾಗಿ ಹೇಳಿ ನೋಡಿ. ಚಿಕ್ಕದು ಮಾಡಿ ‘ಎಲುಬುಕರಗ’ ಅಂದರೆ ಬೆಂಗಳೂರಿನವರು ಹೂವಿನ ಕರಗ ನೋಡೋಕೆ ಹೊರಟಾರು. ಸದ್ಯಕ್ಕೆ ನನ್ನ ಹಾಳೆಯಲ್ಲಿ ‘ಕಟ್ಟುವ ಕಣ’, ‘ಕರಗಿಸುವ ಕಣ’ ಅಂತ ಇಟ್ಟಿದ್ದೇನೆ. ಜೀವಕೋಶ ಬೇಡ, ಕಣ ಸಾಕು. ರಕ್ತಕಣ ಎಲ್ಲರಿಗೂ ಗೊತ್ತು, ಕರಗಿಸುವ ಕಣ ಹೇಗೂ ಅದೇ ಬಳಗದ್ದು.

ಮೂರನೆಯ ಕಣವೊಂದಿದೆ, ಆಸ್ಟಿಯೋಸೈಟ್. ಗೋಡೆ ಕಟ್ಟುತ್ತಾ ಕಟ್ಟುತ್ತಾ ಗಾರೆಯವನೇ ಗೋಡೆಯೊಳಗೆ ಸೇರಿಬಿಟ್ಟರೆ ಹೇಗೋ ಹಾಗೆ. ಕಟ್ಟುವ ಕಣ ತಾನು ಕಟ್ಟಿದ ಮೂಳೆಯೊಳಗೇ ಉಳಿದುಹೋದರೆ ಅದು ಆಸ್ಟಿಯೋಸೈಟ್. ಮೂಳೆಯಲ್ಲಿರುವ ಕಣಗಳಲ್ಲಿ ಶೇ. 90ಕ್ಕೂ ಜಾಸ್ತಿ ಇವೇ. ಸಣ್ಣ ಸಣ್ಣ ಕಾಲುವೆಗಳಲ್ಲಿ ಕೈ ಚಾಚಿ ಒಂದಕ್ಕೊಂದು ಮುಟ್ಟಿಕೊಂಡಿರುತ್ತವೆ. ಮೂಳೆಯ ಮೇಲೆ ಭಾರ ಬಿದ್ದರೆ ಇವಕ್ಕೆ ತಿಳಿಯುತ್ತದೆ, ಎಲ್ಲಿ ಕಟ್ಟಬೇಕು ಎಲ್ಲಿ ತೆಗೆಯಬೇಕು ಅಂತ ಇವೇ ಸುದ್ದಿ ಮುಟ್ಟಿಸುತ್ತವೆ. ಅತ್ತೆ ನಡೆಯಬೇಕಾಗಿದ್ದದ್ದು ಇವುಗಳಿಗೋಸ್ಕರ. ಒಳ ಮತ್ತು ಕಣ ಸೇರಿಸಿದರೆ ‘ಒಳಗಣ’! ಹಳೆಯ ಕನ್ನಡದ್ದೇ ಪದ, ‘ಒಳಗಿರುವ’ ಅಂತಲೇ ಅರ್ಥ. ಇದು ಸಿಕ್ಕ ದಿನ ನನಗೆ ಬೇರೆ ಕೆಲಸ ಆಗಲಿಲ್ಲ. ಇದನ್ನು ಯಾರಾದರೂ ಬೇಡ ಅಂದರೆ ಜಗಳಕ್ಕೆ ಸಿದ್ಧನಿದ್ದೇನೆ.

ಈಗ ಕಷ್ಟದ ಭಾಗ. ರುಮಟಾಯ್ಡ್‌ನಲ್ಲಿ ಮೂಳೆ ಹೋಗೋದು ಒಂದೇ ಥರ ಅಲ್ಲ. ಕೀಲಿನ ಒಳಪೊರೆ ಊದಿ, ದಪ್ಪವಾಗಿ, ಮೂಳೆಯ ಅಂಚಿಗೆ ಹತ್ತುತ್ತದೆ. ಮೃದ್ವಸ್ಥಿಯ ಹೊದಿಕೆ ಮುಗಿದು ಮೂಳೆ ಬರಿದಾಗಿರುವ ಜಾಗದಲ್ಲಿ ಕರಗಿಸುವ ಕಣಗಳು ಕೂಡುತ್ತವೆ, ಅಲ್ಲಿ ಮೂಳೆ ಚೂರುಚೂರೇ ಹೋಗುತ್ತದೆ. ಅತ್ತೆಯ ಕೈಯ ಎಕ್ಸ್‌ರೇಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಬೆರಳಿನ ಗೆಣ್ಣಿನ ಮೂಲೆ ಇರುವೆ ಮುತ್ತಿದ ಬಿಸ್ಕತ್ತಿನ ಅಂಚಿನ ಹಾಗಿತ್ತು. ಇದು ಒಂದು. ಊದಿದ ಕೀಲಿನ ಅಕ್ಕಪಕ್ಕದ ಮೂಳೆ ಒಟ್ಟಾರೆ ತೆಳುವಾಗುವುದು ಇನ್ನೊಂದು. ಕೀಲಿಗೆ ಸಂಬಂಧವೇ ಇಲ್ಲದ ಬೆನ್ನು, ಸೊಂಟದ ಮೂಳೆಗಳೂ ಸಾರ ಕಳೆದುಕೊಳ್ಳುವುದು ಮತ್ತೊಂದು. ಅದಕ್ಕೆ ಉರಿಯೂತವೂ ಕಾರಣ, ನೋವಿಗೆ ತೆಗೆದುಕೊಳ್ಳುವ ಸ್ಟೀರಾಯ್ಡ್ ಮಾತ್ರೆಯೂ ಕಾರಣ. ಮೂರಕ್ಕೂ ನಾನು ‘ಸವೆತ’ ಅಂತಲೇ ಹಾಕಿದ್ದೆ.

ಮೊದಲನೆಯದಕ್ಕೆ ‘ಹುಳುಕು’ ಅಂತ ಯೋಚಿಸಿದೆ, ಹುಳುಕು ಹಲ್ಲು ಇದ್ದ ಹಾಗೆ. ನೋಡೋಕೆ ಹಾಗೇ ಇದೆ. ಆದರೆ ಹುಳ ಹತ್ತಿದೆ, ಸೋಂಕು ಆಗಿದೆ ಅನ್ನೋ ಅರ್ಥ ಬರುತ್ತದೆ. ಆಮೇಲೆ ನೆನಪಾದದ್ದು ‘ಕಡಲ್ಕೊರೆತ’. ಉಳ್ಳಾಲದ ಕಡೆಯವರಿಗೆ ಮಳೆಗಾಲದಲ್ಲಿ ದಿನಾ ಕಿವಿಗೆ ಬೀಳೋ ಮಾತು. ಮಣ್ಣಿಗೆ ಸವಕಳಿ, ದಡಕ್ಕೆ ಕೊರೆತ. ನಮ್ಮವರು ಇಂಗ್ಲಿಷಿನ ‘ಎರೋಷನ್’ ಎಂಬ ಒಂದೇ ಪದವನ್ನು ಆಗಲೇ ಸರಿಯಾಗಿ ಒಡೆದಿಟ್ಟಿದ್ದಾರೆ. ಅಂಚಿನಿಂದ ಒಳಗೆ ನುಗ್ಗಿ ತೆಗೆದುಕೊಂಡು ಹೋಗೋದು ಕೊರೆತ. ‘ಮೂಳೆಕೊರೆತ’ಕ್ಕೆ ನನ್ನ ಮತ.

ಮೂರನೆಯದಕ್ಕೆ, ಅಂದರೆ ಆಸ್ಟಿಯೋಪೊರೋಸಿಸ್‌ಗೆ, ‘ಅಸ್ಥಿರಂಧ್ರತೆ’ ಅಂತ ಒಂದು ಪದ ಇದೆ. ಓದುವಾಗ ನಾಲಿಗೆ ‘ಅಸ್ಥಿರ’ದಲ್ಲೇ ನಿಂತುಬಿಡುತ್ತದೆ. ‘ಟೊಳ್ಳು ಮೂಳೆ’ ಜನ ಹೇಳುತ್ತಾರೆ. ಆದರೆ ಉದ್ದನೆಯ ಮೂಳೆ ಮೊದಲಿಂದಲೂ ಟೊಳ್ಳೇ, ಮಜ್ಜೆ ಇರೋದು ಅಲ್ಲೇ. ಇಲ್ಲಿ ಆಗೋದು ಬೇರೆ. ಮೂಳೆಯ ಒಳಗಿನ ಜಾಲರಿಯ ಎಳೆಗಳು ತೆಳುವಾಗಿ, ಕೆಲವು ಕಡಿದುಹೋಗಿ, ನೇಯ್ಗೆ ಬಿಡಿಬಿಡಿಯಾಗುತ್ತದೆ. ಹೊರಗಿನ ಆಕಾರ ಹಾಗೇ ಇರುತ್ತದೆ. ಇಂಥ ಬಟ್ಟೆಗೆ ‘ಜಾಳು’ ಅನ್ನುತ್ತೇವಲ್ಲ? ಬೆಳಕಿಗೆ ಹಿಡಿದರೆ ಆಚೆ ಕಾಣೋ ಹಳೇ ಪಂಚೆ. ‘ಜಾಳುಮೂಳೆ’ ಹೇಗೆ? ನೇಕಾರರ ಊರಿನವರು ಯಾರಾದರೂ ಹೇಳಿ, ನಿಮ್ಮಲ್ಲಿ ಜಾಳು ಅಂದರೆ ಮೊದಲಿಂದಲೇ ಸಡಿಲವಾಗಿ ನೇಯ್ದದ್ದು ಮಾತ್ರವೋ, ಬಳಸಿ ಹಾಗಾದದ್ದೂ ಸೇರುತ್ತದೋ?

ನಡುವಿನದಕ್ಕೆ ಸದ್ಯ ‘ಕೀಲಿನ ಸುತ್ತ ಮೂಳೆ ತೆಳುವಾಗುವುದು’ ಅಂತಷ್ಟೇ ಬರೆದಿದ್ದೇನೆ. ಹೊಸ ಪದ ಬೇಡ.

‘ಇಷ್ಟು ಕೂದಲು ಸೀಳಬೇಕಾ, ಊತ ಬಂದರೆ ಮೂಳೆ ಹಾಳಾಗೇ ಆಗುತ್ತೆ’ ಅನ್ನೋರಿಗೆ 2001ರ ಒಂದು ಪ್ರಯೋಗ ಹೇಳಬೇಕು. ಕರಗಿಸುವ ಕಣ ಹುಟ್ಟಬೇಕಾದರೆ ರ‍್ಯಾಂಕ್‌ಎಲ್ ಎಂಬ ಒಂದು ಪ್ರೋಟೀನಿನ ಅಪ್ಪಣೆ ಬೇಕು. ಆ ಪ್ರೋಟೀನೇ ಇಲ್ಲದ ಇಲಿಗಳಲ್ಲಿ ಕೀಲೂತ ಬರಿಸಿದರು. ಊತ ಬಂತು. ಮೃದ್ವಸ್ಥಿಯೂ ಹಾಳಾಯಿತು. ಮೂಳೆ ಮಾತ್ರ ಬಹುಮಟ್ಟಿಗೆ ಉಳಿಯಿತು. ಅಂದರೆ ಮೂಳೆಯನ್ನು ತೆಗೆಯುವುದು ಊತವೇ ನೇರವಾಗಿ ಅಲ್ಲ. ಊತ ಆ ಕಣಗಳನ್ನು ಕರೆತರುತ್ತದೆ, ತೆಗೆಯುವ ಕೆಲಸ ಕಣದ್ದು. ಇದನ್ನು ‘ಸವೆತ’ದಲ್ಲಿ ಹೇಳೋಕೆ ಸಾಧ್ಯವೇ ಇಲ್ಲ.

ಅಂದಹಾಗೆ, ಈ ರ‍್ಯಾಂಕ್‌ಎಲ್‌ಗೆ ಮೊದಲು ನಾಲ್ಕು ಹೆಸರಿದ್ದವು. 1997–98ರಲ್ಲಿ ರೋಗನಿರೋಧದ ಕಡೆಯವರೂ ಮೂಳೆಯ ಕಡೆಯವರೂ ಒಂದೇ ವಸ್ತುವನ್ನು ಬೇರೆ ಬೇರೆ ಕಡೆಯಿಂದ ಹಿಡಿದು ತಮ್ಮ ತಮ್ಮ ಹೆಸರಿಟ್ಟರು. 2000ದಲ್ಲಿ ಅಮೆರಿಕದ ಮೂಳೆ ಸಂಶೋಧಕರ ಸಂಘದ ಒಂದು ಸಮಿತಿ ಕೂತು ಒಂದನ್ನು ಉಳಿಸಿತು. ಅದಕ್ಕೆ ಅಡ್ಡ ನಿಲ್ಲುವ ಪ್ರೋಟೀನಿನ ಹೆಸರು ಆಸ್ಟಿಯೋಪ್ರೊಟೆಜೆರಿನ್. ಬಿಡಿಸಿದರೆ ‘ಮೂಳೆಗಾವಲು’ ಅಂತಲೇ ಅರ್ಥ. ಇದೊಂದು ಮಾತ್ರ ತಲೆನೋವಿಲ್ಲದೆ ಕನ್ನಡವಾಯಿತು.

ಅತ್ತೆಯ ಮಾತ್ರೆಯ ವಿಷಯಕ್ಕೆ ಬರುತ್ತೇನೆ. ಖಾಲಿ ಹೊಟ್ಟೆಯಲ್ಲಿ ಒಂದು ದೊಡ್ಡ ಲೋಟ ನೀರಿನ ಜೊತೆ ನುಂಗಬೇಕು, ಅರ್ಧ ಗಂಟೆ ಮಲಗಬಾರದು. ಅದು ಹೋಗಿ ಮೂಳೆಗೆ ಅಂಟಿಕೊಳ್ಳುತ್ತದೆ. ಮೂಳೆ ಕರಗಿಸೋಕೆ ಬಂದ ಕಣ ಅದನ್ನೂ ಒಳಗೆ ಎಳೆದುಕೊಂಡು ಕೈಲಾಗದಂತಾಗುತ್ತದೆ. ಹೊಸ ಕರಡಿನಲ್ಲಿ ‘ಕರಗಿಸುವ ಕಣ ಈ ಮದ್ದನ್ನು ಅರಗಿಸಿಕೊಳ್ಳಲಾರದೆ ಸೋಲುತ್ತದೆ’ ಅಂತ ಬರೆದಿದ್ದೇನೆ. ಅತ್ತೆಗೆ ಫೋನಿನಲ್ಲಿ ಓದಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಂಗಾರ ಇಲಿಗೆ ಪಾಷಾಣ ಇಟ್ಟಂಗ” ಅಂದರು. ನಾನು ಎರಡು ಪುಟದಲ್ಲಿ ಹೇಳಿದ್ದು ಅಲ್ಲಿಗೆ ಮುಗಿಯಿತು.

ಹಾಗಾಗಿ ಬಳಗದವರಲ್ಲಿ ನನ್ನ ಪ್ರಶ್ನೆ ಇಷ್ಟು. ಮೂಳೆಕೊರೆತ, ಜಾಳುಮೂಳೆ ನಿಮ್ಮ ಕಿವಿಗೆ ಹೇಗೆ ಕೇಳುತ್ತವೆ? ಕರಾವಳಿಯಲ್ಲಿ ಕೊರೆತವನ್ನು ಮೈಯ ನೋವಿಗೂ ಬಳಸುತ್ತೀರಾ? ಹಾಗಿದ್ದರೆ ಗೊಂದಲ ಆಗಬಹುದು. ಬೆನ್ನುಮೂಳೆ ಬೆಸೆದುಕೊಳ್ಳುವ ಸ್ಪಾಂಡಿಲೈಟಿಸ್‌ನಲ್ಲಿ ಒಳಗೆ ಮೂಳೆ ಜಾಳಾಗುತ್ತಾ ಹೊರಗೆ ಹೊಸ ಮೂಳೆ ಬೆಳೆಯುತ್ತದೆ. ಅದಕ್ಕೆ ಜನ ‘ಮೂಳೆ ಬೆಳೆದಿದೆ’ ಅನ್ನುತ್ತಾರೆ, ಹಿಮ್ಮಡಿಯ ಮುಳ್ಳಿಗೂ ಅದನ್ನೇ ಅನ್ನುತ್ತಾರೆ. ಅದರ ಚರ್ಚೆ ಬೇರೆ ಇಟ್ಟುಕೊಳ್ಳೋಣ. ಹಾಳೆಯನ್ನು ಮುಂದಿನ ಗುರುವಾರ ಪ್ರಿಂಟ್ ಮಾಡಿಸಬೇಕು. ಡಾಕ್ಟರು ಇನ್ನೂ ಇಪ್ಪತ್ತು ಪ್ರತಿ ಕೇಳಿದ್ದಾರೆ, ಬುಧವಾರದೊಳಗೆ ತಿಳಿಸಿದರೆ ಸಾಕು.