ಎರಡು ಆರ್, ಒಂದು ಎಚ್ ಇರುವ ಕಾಯಿಲೆಗಳಿಗೆ ಕನ್ನಡ ಪದ ಬೇಕು (ತುರ್ತು)

ಗೆಳೆಯರೇ,

ಸಂಜೆ ಐದಕ್ಕೆ ಬೋರ್ಡ್ ಬರೆಯುವವರು ಬರುತ್ತಾರೆ. ಒಂದು ಸಣ್ಣ ಆಸ್ಪತ್ರೆ. ಯಾವ ಯಾವ ಕಾಯಿಲೆ ನೋಡುತ್ತೇವೆ ಅಂತ ಗೋಡೆ ಮೇಲೆ ಬರೆಸಬೇಕಂತೆ. ಇಂಗ್ಲಿಷ್ ಪಟ್ಟಿ ಕೈಗೆ ಕೊಟ್ಟಿದ್ದಾರೆ: ಡಯೇರಿಯಾ, ಹೆಮರಾಯ್ಡ್ಸ್, ಹೆಮರೇಜ್, ಓಟೋರಿಯಾ, ಲ್ಯೂಕೋರಿಯಾ, ಡಿಸ್‌ಮೆನೋರಿಯಾ, ಸಿರೋಸಿಸ್, ಅರಿತ್ಮಿಯಾ. ಸ್ಪೆಲಿಂಗ್ ನೋಡಿದರೆ ಎಲ್ಲದರ ಹೊಟ್ಟೆಯಲ್ಲೂ ಎರಡು ಆರ್, ಬೆನ್ನಿಗೆ ಒಂದು ಎಚ್. ಡಿಸ್‌ಮೆನೋರಿಯಾ ಒಂದಕ್ಕೇ 13 ಅಕ್ಷರ! ಎಲ್ಲ ಒಂದೇ ಮನೆತನದವು ಇರಬೇಕು ಅಲ್ವಾ? ಹಾಗಿದ್ದರೆ ಎಲ್ಲಕ್ಕೂ ‘ಸ್ರಾವ’ ಅಂತ ಒಂದೇ ಬಾಲ ಹಚ್ಚಿಬಿಡಲೇ? ‘ಯಕೃತ್ ಸ್ರಾವ’ ಅಂತ ಬರೆದು ನೋಡಿದೆ, ಯಾಕೋ ಹೆದರಿಕೆ ಆಯಿತು.

— ಹಾಸನ

ಮೇಡಂ, ನಿಮ್ಮ ಊಹೆ ಅರ್ಧ ಸರಿ. ‘ಸ್ರಾವ’ ಮತ್ತು ಈ ‘ರಿಯಾ’ ನಿಜಕ್ಕೂ ದಾಯಾದಿಗಳು. ಸಂಸ್ಕೃತದಲ್ಲಿ ಸ್ರು ಧಾತು, ಗ್ರೀಕಿನಲ್ಲಿ ರೇಯಿನ್. ಎರಡಕ್ಕೂ ಹರಿ ಎಂದೇ ಅರ್ಥ. ಗ್ರೀಕಿನವರು ಮೊದಲಿನ ಸಕಾರ ಬೀಳಿಸಿದರು. ಅದರ ಉಸಿರು ಎಚ್ ಆಗಿ ಉಳಿಯಿತು. ಸಮಾಸದಲ್ಲಿ ಸ್ವರ ಆದಮೇಲೆ ಬಂದರೆ ರಕಾರ ಇಮ್ಮಡಿ ಆಯಿತು. ಇಂಗ್ಲಿಷಿನ ಸ್ಟ್ರೀಮ್ ಕೂಡ ಇದೇ ಬಳಗ. ಗೊನೋರಿಯಾ ಅಂದರೆ ‘ಬೀಜ ಹರಿಯುವುದು’. ಕೀವನ್ನು ಹಿಂದಿನವರು ವೀರ್ಯ ಅಂದುಕೊಂಡಿದ್ದರು. ತಪ್ಪು ತಿಳಿದಮೇಲೂ ಹೆಸರು ಹೋಗಲಿಲ್ಲ. ಇನ್ನು ನಮ್ಮ ಅತಿಸಾರದ ‘ಸಾರ’ವೂ ಇದೇ ಸ್ರು. ಊಟಕ್ಕೆ ಮಾಡುವ ಸಾರಿನ ಬಗ್ಗೆ ಬೇರೆ ಪತ್ರ ಬರೆಯುತ್ತೇನೆ.

— ಮೈಸೂರು

> ಅತಿಸಾರದ ‘ಸಾರ’ವೂ ಇದೇ ಸ್ರು

ಅಲ್ಲ. ಅದು ಸೃ. ಸಾರಿನ ಪತ್ರ ದಯವಿಟ್ಟು ಬೇಡ, ಊಟದ ಹೊತ್ತು.

ಮೇಡಂ, ಎರಡು ಆರ್ ಕಂಡಲ್ಲೆಲ್ಲ ಹರಿವು ಹುಡುಕಬೇಡಿ. ಹೆಮರಾಯ್ಡ್‌ನಲ್ಲಿ ರಕ್ತ ಹರಿಯುತ್ತದೆ. ಹೆಮರೇಜ್‌ನಲ್ಲಿ ಒಡೆದು ಬರುತ್ತದೆ. ಅದು ‘ಒಡೆ’ ಅನ್ನುವ ಬೇರೆಯೇ ಧಾತು. ಸಿರೋಸಿಸ್‌ನಲ್ಲಿ ಹರಿಯುವುದೂ ಇಲ್ಲ, ಒಡೆಯುವುದೂ ಇಲ್ಲ. ಸ್ಟೆತೊಸ್ಕೋಪ್ ಕಂಡುಹಿಡಿದ ಫ್ರೆಂಚ್ ವೈದ್ಯ ಲೆನೆಕ್ 1819ರಲ್ಲಿ ಇಟ್ಟ ಹೆಸರು ಅದು. ಗ್ರೀಕಿನಲ್ಲಿ ಕಿರ್ರೋಸ್ ಅಂದರೆ ಕಂದುಹಳದಿ. ಕೆಟ್ಟ ಲಿವರಿನ ಬಣ್ಣ ನೋಡಿ ಹೇಳಿದ್ದು, ಅಷ್ಟೇ. ಅರಿತ್ಮಿಯಾ ಅಂದರೆ ಲಯ ತಪ್ಪಿದ್ದು. ಜ್ಞಾನಿಗಳು ಬಾಲಯೇಸುವಿಗೆ ತಂದ ಸುಗಂಧದ ಅಂಟು ರಕ್ತಬೋಳದ ಇಂಗ್ಲಿಷ್ ಹೆಸರು ‘ಮಿರ್’ನಲ್ಲೂ ಇವೇ ಮೂರು ಅಕ್ಷರ ಇವೆ. ಅದು ಗ್ರೀಕಿನ ಕೂಸೇ ಅಲ್ಲ, ಸೆಮಿಟಿಕ್ ಭಾಷೆಗಳ ಕಡೆಯಿಂದ ಬಂದದ್ದು. ಇತ್ತ ಕಿವಿ, ಮೂಗು, ಗಂಟಲಿನ ವೈದ್ಯಕ್ಕೆ ಹೇಳುವ ಓಟೋರೈನೋಲ್ಯಾರಿಂಗಾಲಜಿ ನೋಡಿ, 19 ಅಕ್ಷರ. ನಿಯಮದ ಪ್ರಕಾರ ‘ಓಟೋ’ ಆದಮೇಲೆ ಎರಡು ಆರ್ ಬರಬೇಕಿತ್ತು, ಒಂದೇ ಇದೆ. ಓಟೋರಿಯಾದಲ್ಲಿ ಮಾತ್ರ ಎರಡು. ಆಡುವುದು ಒಂದೇ ‘ರ’, ಬರೆಯುವುದು ಮೂರು ಅಕ್ಷರ. ನಾವು ‘ಡಯೇರಿಯಾ’ ಅಂತ ಒಂದು ರಕಾರದಲ್ಲೇ ಮುಗಿಸಿದ್ದೇವೆ. ಜಾಣತನ ಯಾರದ್ದು?

— ಧಾರವಾಡ

ಸ್ರುವೂ ಬೇಡ, ಸೃವೂ ಬೇಡ. ಸೋರು, ಒಸರು, ಜಿನುಗು, ಸುರಿ ಎಲ್ಲ ಸತ್ತುಹೋದವೇ? ಕಿವಿಸೋರಿಕೆ, ನೆತ್ತರುಸುರಿತ, ಮೊಳೆ ಅಂತ ಬರೆಯಿರಿ. ಡಯೇರಿಯಾಕ್ಕೆ ‘ಬೇದಿ’. ಉಸಿರು ಕೂಡಿಸಿ ‘ಭೇದಿ’ ಅಂತ ಆಡುವವರನ್ನು ನಾನು ಊರಲ್ಲಿ ಕಂಡಿಲ್ಲ. ಆಡದ ಉಸಿರನ್ನು ಬರೆಯುವುದು ಯಾಕೆ?

— ಸಾಗರ

‘ಸೋರು’ ಕೂಡ ಸ್ರುವಿನ ತದ್ಭವ. ಕನ್ನಡಕ್ಕೆ ಮಹಾಪ್ರಾಣ ಅಕ್ಷರ ಬೇಡ ಅನ್ನುವ ಭಾಷಾವಿಜ್ಞಾನಿ ಶಂಕರ ಭಟ್ಟರ ವಾದವನ್ನು ಗೋಡೆ ಮೇಲೆ ಪರೀಕ್ಷೆ ಮಾಡಬೇಡಿ. ಭಿದ್ ಧಾತು, ಆದ್ದರಿಂದ ಭೇದಿ.

— ಮೈಸೂರು

ಅಲ್ಲ. ತಮಿಳಿನಲ್ಲಿ ‘ಚೋರ್’ ಇದೆ. ಕಿವಿಗೆ ಹತ್ತಿರ ಕೇಳಿದರೆ ನೆಂಟಸ್ತಿಕೆ ಆಗಲ್ಲ.

— ಸಾಗರ

ನಾನು ಭಾಷೆಯ ಪಂಡಿತೆ ಅಲ್ಲ, ಡಾಕ್ಟರ್. ಹದಿನೈದು ವರ್ಷದಿಂದ ಓಪಿಡಿಯಲ್ಲಿ ಕೂತಿದ್ದೇನೆ. ಸುರಿತ ಅಂದವರನ್ನೂ ನೋಡಿಲ್ಲ, ಅತಿಸಾರ ಅಂದವರನ್ನೂ ನೋಡಿಲ್ಲ. ‘ಕಿವಿ ಸೋರುತ್ತೆ’ ಅಂತಾರೆ. ‘ಬಿಳಿ ಹೋಗುತ್ತೆ’ ಅಂತಾರೆ, ಅದೂ ಪಿಸುಮಾತಲ್ಲಿ. ಲ್ಯೂಕೋರಿಯಾಕ್ಕೆ ಬಿಳಿ ಸೆರಗು ಅಂತಲೇ ಬರೆಯಿರಿ. ಶ್ವೇತಪ್ರದರ ಅಂತ ಬರೆದರೆ, ಅದೇನು ಅಂತ ಕೇಳೋಕೂ ನಾಚಿಕೊಂಡು ಹೆಂಗಸರು ಹಾಗೇ ಮನೆಗೆ ಹೋಗುತ್ತಾರೆ. ಡಿಸ್‌ಮೆನೋರಿಯಾ ಅಂದರೆ ಮುಟ್ಟಿನ ಹೊಟ್ಟೆನೋವು. ಹೆಮರಾಯ್ಡ್ಸ್‌ಗೆ ಮೂಲವ್ಯಾಧಿ, ಪಕ್ಕದಲ್ಲಿ ಪೈಲ್ಸ್ ಅಂತಲೂ ಇರಲಿ. ಅರಿತ್ಮಿಯಾಕ್ಕೆ ಎದೆಬಡಿತದ ಏರುಪೇರು. ಸಿರೋಸಿಸ್‌ಗೆ ಲಿವರ್ ಗಟ್ಟಿಯಾಗುವ ಕಾಯಿಲೆ.

— ಬೆಂಗಳೂರು

ಲಿವರ್ ಯಾಕೆ? ಈಲಿ ಇದೆಯಲ್ಲ.

— ಸಾಗರ

ಮಟನ್ ಅಂಗಡಿಯಲ್ಲಿ ಇದೆ ಸರ್. ‘ನಿಮ್ಮ ಈಲಿ ಗಟ್ಟಿಯಾಗಿದೆ’ ಅಂತ ರೋಗಿಗೆ ನೀವೇ ಬಂದು ಹೇಳಿ.

— ಬೆಂಗಳೂರು

ತಿನ್ನುವಾಗ ಈಲಿ, ಕೆಟ್ಟಾಗ ಲಿವರ್. ಕನ್ನಡದ ಪಾಡು ಇದು.

— ಸಾಗರ

‘ಆಸ್ಪತ್ರೆ’ಯನ್ನೂ ಬಿಟ್ಟುಬಿಡಿ ಹಾಗಾದರೆ. ಅದೂ ಪರಂಗಿಯವರ ಹಾಸ್ಪಿಟಲ್ ಸವೆದು ಆದದ್ದು. ‘ಬೋರ್ಡ್’ ಅಂತೂ ಸವೆದೂ ಇಲ್ಲ.

— ಧಾರವಾಡ

ಎಲ್ಲರಿಗೂ ಥ್ಯಾಂಕ್ಸ್. ಬೋರ್ಡ್ ಆಯಿತು. ಬಹುಪಾಲು ಡಾಕ್ಟರ್ ಮೇಡಂ ಹೇಳಿದ ಹಾಗೇ ಬರೆಸಿದೆ. ‘ಸ್ರಾವ’ ಒಂದೇ ಕಡೆ ಉಳಿಯಿತು, ರಕ್ತಸ್ರಾವದಲ್ಲಿ. ಅದು ‘ಒಡೆಯುವ’ ಧಾತು ಅಂತ ಗೊತ್ತು, ಧಾರವಾಡದ ಸರ್ ಬೈಯಬೇಡಿ. ಮೈಸೂರಿನ ಸರ್, ಭೇದಿ ಅಂತ ಚೀಟಿಯಲ್ಲಿ ದಪ್ಪಕ್ಕೆ ಬರೆದು, ಮಹಾಪ್ರಾಣದ ಸೀಳಿಗೆ ಕೆಂಪು ಗುರುತನ್ನೂ ಹಾಕಿ ಕೊಟ್ಟಿದ್ದೆ. ಚಹಾ ಕುಡಿದು ಬರುವಷ್ಟರಲ್ಲಿ ‘ಬೇದಿ’ ಆಗಿತ್ತು. ಬಣ್ಣ ಒಣಗಿದೆ.

— ಹಾಸನ