ಮೆಡಿಟರೇನಿಯನ್ ಕ್ರೂಸ್: ಬಂದರಿಗೂ ಊರಿಗೂ ನಡುವಿನ ದೂರ ಮೊದಲು ನೋಡಿ

ಪ್ರಶ್ನೆ (ಮೈಸೂರಿನ ಸದಸ್ಯರು):
ನಮಸ್ಕಾರ. ಅಕ್ಟೋಬರ್‌ನಲ್ಲಿ ಅಪ್ಪ, ಅಮ್ಮನ ಜೊತೆ ಏಳು ರಾತ್ರಿಗಳ ಕ್ರೂಸ್‌ಗೆ ಹೊರಟಿದ್ದೇವೆ. ಬಾರ್ಸಿಲೋನಾದಲ್ಲಿ ಹತ್ತಿ ಅಲ್ಲೇ ಇಳಿಯುವುದು. ನಡುವೆ ಮಾರ್ಸೇ, ಫ್ಲಾರೆನ್ಸ್, ರೋಮ್, ನೇಪಲ್ಸ್ ಎಂದು ಪಟ್ಟಿ ಕೊಟ್ಟಿದ್ದಾರೆ. ಎಲ್ಲ ಕಡೆ ಬೆಳಿಗ್ಗೆ 7ಕ್ಕೆ ತಲುಪಿ ಸಂಜೆ 7ಕ್ಕೆ ಹೊರಡುತ್ತದಂತೆ. ಹಡಗಿನವರ ಟೂರ್ ಬಲು ದುಬಾರಿ. ನಾವೇ ಸುತ್ತಬಹುದೇ? ಅಮ್ಮನಿಗೆ ಮಂಡಿನೋವು ಇದೆ, ಮೂವರೂ ಸಸ್ಯಾಹಾರಿಗಳು.

ಉತ್ತರ (ಕ್ರೂಸ್ ಪ್ರವಾಸ ಯೋಜಕರು):
ಸುತ್ತಬಹುದು, ಆದರೆ ಎಲ್ಲ ಊರಿಗೂ ಒಂದೇ ಲೆಕ್ಕ ಹಾಕಬೇಡಿ. ಪಟ್ಟಿಯಲ್ಲಿ ರೋಮ್ ಎಂದಿದ್ದರೂ ಹಡಗು ನಿಲ್ಲುವುದು ಚಿವಿತವೆಕ್ಕಿಯಾ ಬಂದರಿನಲ್ಲಿ. ಅಲ್ಲಿಂದ ರೋಮ್ ಸುಮಾರು 80 ಕಿ.ಮೀ. ಫ್ಲಾರೆನ್ಸ್ ಎಂದರೆ ಲಿವೋರ್ನೊ, ಅಲ್ಲಿಂದ ಸುಮಾರು 90 ಕಿ.ಮೀ. ನೇಪಲ್ಸ್‌ನಲ್ಲಿ ಮಾತ್ರ ಹಡಗಿನಿಂದ ಇಳಿದರೆ ಎದುರಿಗೇ ಊರು, ಹಳೆಯ ಕೋಟೆ, ಮೆಟ್ರೊ ನಿಲ್ದಾಣ. ಬಾರ್ಸಿಲೋನಾದಲ್ಲೂ ಟರ್ಮಿನಲ್ ಬಸ್ ಹಿಡಿದರೆ ಕೊಲಂಬಸ್ ಸ್ತಂಭದ ಹತ್ತಿರ, ರಾಂಬ್ಲಾ ಬೀದಿಯ ತುದಿಗೆ ಬಿಡುತ್ತದೆ.

ಇನ್ನೊಂದು ವಿಷಯ, 7ರಿಂದ 7 ಎಂದರೆ ಕೈಗೆ ಹನ್ನೆರಡು ಗಂಟೆ ಸಿಗುವುದಿಲ್ಲ. ಬಂದರಿನ ಅನುಮತಿ ಸಿಕ್ಕಿ ಇಳಿಯುವ ಹೊತ್ತಿಗೆ 7.30 ದಾಟುತ್ತದೆ. ಸಂಜೆ 'ಆಲ್ ಅಬೋರ್ಡ್', ಅಂದರೆ ಎಲ್ಲರೂ ಹಡಗಿನೊಳಗೆ ಇರಲೇಬೇಕಾದ ಸಮಯ, ಹೊರಡುವುದಕ್ಕೆ ಅರ್ಧ ಗಂಟೆ ಮೊದಲು, ಕೆಲವು ಹಡಗುಗಳಲ್ಲಿ ಒಂದು ಗಂಟೆ ಮೊದಲೇ. ನೀವು ನೋಡಬೇಕಾದ ಗಡಿಯಾರ ಅದು. ಅದಕ್ಕೂ ಒಂದೂವರೆ ಗಂಟೆ ಮೊದಲು ಬಂದರಿನ ಗೇಟಿನಲ್ಲಿ ಇರುವ ಹಾಗೆ ಹಿಂದಿನಿಂದ ಲೆಕ್ಕ ಹಾಕುತ್ತ ಬನ್ನಿ. ರೋಮ್‌ನಲ್ಲಿ ನಿಜಕ್ಕೂ ಸಿಗುವುದು ಐದೂವರೆಯಿಂದ ಆರು ಗಂಟೆ.

ನನ್ನ ಸಲಹೆ: ನೇಪಲ್ಸ್, ಬಾರ್ಸಿಲೋನಾ, ಮಾರ್ಸೇ ನೀವೇ ನೋಡಿ. ರೋಮ್ ರೈಲಿನಲ್ಲಿ ಹೋಗಿಬನ್ನಿ. ಫ್ಲಾರೆನ್ಸ್‌ಗೆ ಮಾತ್ರ ಹಡಗಿನವರ ಬಸ್ಸಿಗೆ ದುಡ್ಡು ಕೊಡಿ, ಗೈಡ್ ಇಲ್ಲದೆ ಕರೆದುಕೊಂಡು ಹೋಗಿ ಬಿಡುವ 'ಟ್ರಾನ್ಸ್‌ಫರ್ ಓನ್ಲಿ' ಸಿಕ್ಕರೆ ಸಾಕು. ಲಿವೋರ್ನೊ ಸರಕು ಬಂದರು, ಒಳಗೆ ನಡೆದಾಡಲು ಬಿಡುವುದಿಲ್ಲ. ಶಟಲ್‌ನಲ್ಲಿ ಊರ ಮಧ್ಯಕ್ಕೆ, ಅಲ್ಲಿಂದ ಇನ್ನೊಂದು ಬಸ್ಸಿನಲ್ಲಿ ರೈಲು ನಿಲ್ದಾಣಕ್ಕೆ, ಆಮೇಲೆ ಒಂದು ಗಂಟೆ ಇಪ್ಪತ್ತು ನಿಮಿಷದ ರೈಲು. ಮಂಡಿನೋವು ಇರುವವರಿಗೆ ಇಷ್ಟು ಹತ್ತಿಳಿಯುವುದೇ ದಣಿವು. ಫ್ಲಾರೆನ್ಸ್ ಬೇಡವೆಂದರೆ ಪೀಸಾ ಸುಲಭ. ಲಿವೋರ್ನೊದಿಂದ ಪೀಸಾ ಸೆಂಟ್ರಾಲೆಗೆ ರೈಲಿನಲ್ಲಿ ಇಪ್ಪತ್ತು ನಿಮಿಷದ ಒಳಗೆ ತಲುಪಬಹುದು. ವಾಲುಗೋಪುರಕ್ಕೆ ಅಲ್ಲಿಂದ ನಡೆದರೆ ಇಪ್ಪತ್ತೈದು ನಿಮಿಷ, ಆದ್ದರಿಂದ ಬಸ್ ಅಥವಾ ಟ್ಯಾಕ್ಸಿ ಹಿಡಿಯಿರಿ.

ಮರುಪ್ರಶ್ನೆ (ಅದೇ ಸದಸ್ಯರು):
ತುಂಬಾ ಉಪಕಾರವಾಯಿತು ಸರ್. ರೋಮ್‌ಗೆ ರೈಲಿನಲ್ಲಿ ಹೋಗುವುದನ್ನು ಸ್ವಲ್ಪ ಬಿಡಿಸಿ ಹೇಳುತ್ತೀರಾ? ವ್ಯಾಟಿಕನ್ ಮ್ಯೂಸಿಯಂ, ಕೊಲೋಸಿಯಂ ಎರಡನ್ನೂ ನೋಡುವ ಆಸೆ.

ಉತ್ತರ (ಕ್ರೂಸ್ ಪ್ರವಾಸ ಯೋಜಕರು):
ಹಡಗಿನ ಬುಡದಿಂದಲೇ ಉಚಿತ ಶಟಲ್ ಬಸ್ ಇರುತ್ತದೆ, ಲಾರ್ಗೊ ದೆಲ್ಲಾ ಪಾಚೆ ಎಂಬ ಬಸ್ ನಿಲ್ದಾಣಕ್ಕೆ ಬಿಡುತ್ತದೆ. ಅಲ್ಲಿಂದ ರೈಲು ನಿಲ್ದಾಣಕ್ಕೆ ಸಿಟಿ ಬಸ್ ಇದೆ. ಸಮುದ್ರದ ದಂಡೆಯಲ್ಲೇ ಸಮತಟ್ಟು ದಾರಿ, ನಡೆದರೂ ಇಪ್ಪತ್ತು ನಿಮಿಷ. ಹಡಗು ಖಾಲಿಯಾಗುವ ಹೊತ್ತಿಗೆ ಟಿಕೆಟ್ ಕೌಂಟರಿನಲ್ಲಿ ಉದ್ದ ಸಾಲು ಬೆಳೆಯುತ್ತದೆ, ಹಾಗಾಗಿ ಹಿಂದಿನ ರಾತ್ರಿಯೇ ಇಟಲಿಯ ರೈಲು ಸಂಸ್ಥೆ ಟ್ರೆನಿಟಾಲಿಯಾದ ಆಪ್‌ನಲ್ಲಿ ತೆಗೆದಿಡಿ. ಕಾಗದದ ಟಿಕೆಟ್ ತೆಗೆದರೆ ಹತ್ತುವ ಮೊದಲು ಪ್ಲಾಟ್‌ಫಾರಂನಲ್ಲಿರುವ ಸಣ್ಣ ಯಂತ್ರಕ್ಕೆ ತೂರಿಸಿ ಮುದ್ರೆ ಹೊಡೆಸಲೇಬೇಕು. ಮುದ್ರೆ ಇಲ್ಲದ ಟಿಕೆಟ್‌ಗೆ ದಂಡ ಬೀಳುತ್ತದೆ, ಪ್ರವಾಸಿಗರು ಎಂದು ರಿಯಾಯಿತಿ ಸಿಗುವುದಿಲ್ಲ. 'ಬಿರ್ಗ್' ಎಂಬ ದಿನದ ಪಾಸ್ ಇದೆ, ಸುಮಾರು 12 ಯೂರೋ. ಹೋಗಿ ಬರುವ ರೀಜನಲ್ (ಸಾಮಾನ್ಯ ಪ್ರಾದೇಶಿಕ) ರೈಲು, ರೋಮ್‌ನ ಮೆಟ್ರೊ, ಬಸ್ ಎಲ್ಲಕ್ಕೂ ನಡೆಯುತ್ತದೆ, ವೇಗದ ರೈಲುಗಳಿಗೆ ಮಾತ್ರ ನಡೆಯದು.

ವ್ಯಾಟಿಕನ್ ಕಡೆಗಾದರೆ ರೋಮಾ ಸಾನ್ ಪಿಯೆತ್ರೊ ನಿಲ್ದಾಣದಲ್ಲಿ ಇಳಿಯಿರಿ, ಚಿವಿತವೆಕ್ಕಿಯಾದಿಂದ ಮುಕ್ಕಾಲು ಗಂಟೆಯ ಮೇಲೆ ಸ್ವಲ್ಪ ಆಗುತ್ತದೆ. ಸೇಂಟ್ ಪೀಟರ್ಸ್ ಚೌಕಕ್ಕೆ ಅಲ್ಲಿಂದ ಹದಿನೈದು ನಿಮಿಷದ ನಡಿಗೆ. ಎಲ್ಲ ರೈಲುಗಳೂ ಇಲ್ಲಿ ನಿಲ್ಲುವುದಿಲ್ಲ, ಬೋರ್ಡ್ ನೋಡಿ ಹತ್ತಬೇಕು. ಕೊಲೋಸಿಯಂಗೆ ರೋಮ್‌ನ ಮುಖ್ಯ ರೈಲು ನಿಲ್ದಾಣ ಟೆರ್ಮಿನಿವರೆಗೆ ಹೋಗಿ ಮೆಟ್ರೊ ಬಿ ಲೈನ್ ಹಿಡಿದರೆ 'ಕೊಲೊಸ್ಸೆಯೊ' ಎರಡನೇ ನಿಲ್ದಾಣ.

ಎರಡನ್ನೂ ಒಂದೇ ದಿನಕ್ಕೆ ತುರುಕಬೇಡಿ. ವ್ಯಾಟಿಕನ್ ಮ್ಯೂಸಿಯಂ ಒಳಗೆ ಹೋದರೆ ಸಿಸ್ಟೀನ್ ಚಾಪೆಲ್ ಮುಟ್ಟುವಷ್ಟರಲ್ಲಿ ಎರಡೂವರೆ ಗಂಟೆ, ಅಷ್ಟೂ ಹೊತ್ತು ನಿಂತೇ ಇರಬೇಕು. ತಿಂಗಳ ಕೊನೆಯ ಭಾನುವಾರ ಬಿಟ್ಟು ಉಳಿದ ಭಾನುವಾರ ಅದು ಮುಚ್ಚಿರುತ್ತದೆ, ನಿಮ್ಮ ಹಡಗು ರೋಮ್ ತಲುಪುವ ವಾರ ಯಾವುದೆಂದು ಈಗಲೇ ನೋಡಿ. ಅಮ್ಮನವರಿಗೆ ಕೊಲೋಸಿಯಂ ವಾಸಿ, ಒಳಗೆ ಲಿಫ್ಟ್ ಇದೆ. ಟಿಕೆಟ್‌ನಲ್ಲಿ ಹೆಸರು ಇರುತ್ತದೆ, ಪಾಸ್‌ಪೋರ್ಟ್‌ನಲ್ಲಿ ಇರುವಂತೆಯೇ ನಮೂದಿಸಿ. ಇನಿಶಿಯಲ್ ಹಾಕುವ ನಮ್ಮ ಪದ್ಧತಿಯಿಂದಾಗಿ ಗೇಟಿನಲ್ಲಿ ಗೊಂದಲ ಆಗಬಾರದು. ಮರಳುವಾಗ 3.30ರ ಆಸುಪಾಸಿನ ರೈಲು ನಿಮ್ಮ ಗುರಿಯಾಗಲಿ, ಅದು ತಪ್ಪಿದರೂ ಹಿಂದೆ ಇನ್ನೊಂದು ಇರುತ್ತದೆ.

ಸೇರ್ಪಡೆ (ಇಟಲಿಯಲ್ಲಿ ನೆಲೆಸಿರುವ ಸದಸ್ಯರು):
ಸರ್ ಹೇಳಿದ್ದಕ್ಕೆ ಒಂದು ಮಾತು. ಹೊರಡುವ ವಾರದ ಮೊದಲು 'ಶೋಪೆರೊ' ಇದೆಯೇ ಎಂದು ಹುಡುಕಿ, ಅಂದರೆ ಮುಷ್ಕರ. ಇಟಲಿಯಲ್ಲಿ ಇದನ್ನು ಮೊದಲೇ ಘೋಷಿಸುತ್ತಾರೆ, ಶುಕ್ರವಾರಗಳಲ್ಲಿ ಹೆಚ್ಚು. ಕೆಲಸದ ದಿನಗಳಲ್ಲಿ ಮುಷ್ಕರವಿದ್ದರೂ ಬೆಳಿಗ್ಗೆ 6ರಿಂದ 9, ಸಂಜೆ 6ರಿಂದ 9ರವರೆಗೆ ಕನಿಷ್ಠ ರೀಜನಲ್ ರೈಲುಗಳನ್ನು ಓಡಿಸಬೇಕೆಂಬ ನಿಯಮವಿದೆ. ಕ್ರೂಸ್‌ನವರಿಗೆ ಇದರಿಂದ ಉಪಯೋಗ ಅರ್ಧವೇ: ಬೆಳಿಗ್ಗೆ ಹೋಗಲು ರೈಲು ಸಿಗುತ್ತದೆ, ಮಧ್ಯಾಹ್ನ ಮರಳಲು ಸಿಗದೆ ಹೋಗಬಹುದು. ಅಂಥ ದಿನ ಹಡಗಿನ ಬಸ್ಸೇ ಸರಿ.

ಪ್ರಶ್ನೆ (ಮಂಗಳೂರಿನ ಸದಸ್ಯರು):
ನೇಪಲ್ಸ್‌ನಿಂದ ಪೊಂಪೆ (ಜ್ವಾಲಾಮುಖಿಯಲ್ಲಿ ಹೂತುಹೋದ ಪುರಾತನ ರೋಮನ್ ಊರು) ನೋಡಲು ವಯಸ್ಸಾದವರಿಗೆ ಆಗುತ್ತದೆಯೇ?

ಉತ್ತರ (ಕ್ರೂಸ್ ಪ್ರವಾಸ ಯೋಜಕರು):
ಹೋಗುವುದು ಕಷ್ಟವಲ್ಲ, ಒಳಗೆ ನಡೆಯುವುದು ಕಷ್ಟ. ಬೀದಿಗಳಿಗೆ ಹಾಸಿರುವುದು ಜ್ವಾಲಾಮುಖಿಯ ದೊಡ್ಡ ಕಲ್ಲುಗಳು. ಎರಡು ಸಾವಿರ ವರ್ಷದ ಹಿಂದಿನ ಗಾಡಿಗಳ ಚಕ್ರ ಅವುಗಳ ಮೇಲೆ ಕೊರೆದ ಗಾಲಿಜಾಡು ಈಗಲೂ ಆಳವಾಗಿಯೇ ಇದೆ, ಪಾದ ಅದರೊಳಗೆ ಜಾರಿ ಕಾಲು ಉಳುಕುತ್ತದೆ. ರಸ್ತೆ ದಾಟಲು ಎತ್ತರದ ಮೆಟ್ಟುಗಲ್ಲುಗಳು. ನೆರಳು ಕಡಿಮೆ. ಮಂಡಿನೋವು ಇರುವವರು ಮುಖ್ಯ ದ್ವಾರ ಬಿಟ್ಟು ಪಿಯಾತ್ಸಾ ಅನ್‌ಫಿತಿಯಾತ್ರೊ ದ್ವಾರದಿಂದ ಒಳಗೆ ಹೋಗಲಿ, ಗಾಲಿಕುರ್ಚಿಯೂ ಸಾಗುವಂತೆ ಸಮಮಾಡಿದ ದಾರಿ ಅಲ್ಲಿಂದ ಮೂರೂವರೆ ಕಿ.ಮೀ.ಯಷ್ಟು ಇದೆ. ಪೂರ್ತಿ ನಡೆಯಬೇಕೆಂದಿಲ್ಲ.

ಹೋಗುವ ರೈಲು ಚಿರ್ಕುಮ್‌ವೆಸುವಿಯಾನಾ, ಸೊರೆಂತೊ ಎಂದು ಬೋರ್ಡ್ ಇರುವುದನ್ನೇ ಹತ್ತಿ 'ಪೊಂಪೆಯಿ ಸ್ಕಾವಿ' ನಿಲ್ದಾಣದಲ್ಲಿ ಇಳಿಯಿರಿ. ನೇಪಲ್ಸ್‌ನ ಗರಿಬಾಲ್ದಿ ನಿಲ್ದಾಣದಲ್ಲಿ ಹತ್ತಿದರೆ ಕೂರಲು ಜಾಗ ಸಿಗುವುದು ಕಷ್ಟ. ರೈಲು ಹೊರಡುವ ನಿಲ್ದಾಣ ಅದಕ್ಕೂ ಹಿಂದಿನ ಪೋರ್ತಾ ನೋಲಾನಾ, ಬಂದರಿನಿಂದ ಅಲ್ಲಿಗೇ ಟ್ಯಾಕ್ಸಿಯಲ್ಲಿ ಹೋಗಿ ಸೀಟು ಹಿಡಿಯಿರಿ. ಜೇಬುಗಳ್ಳರ ಕಾಟ ಈ ರೈಲಿನಲ್ಲಿ ಹೆಚ್ಚು, ಬಾಗಿಲ ಬಳಿ ನಿಲ್ಲಬೇಡಿ. ಪೊಂಪೆಗೆ 2024ರ ನವೆಂಬರ್‌ನಿಂದ ದಿನಕ್ಕೆ 20,000 ಜನರ ಮಿತಿ ಇದೆ, ಟಿಕೆಟ್‌ನಲ್ಲಿ ಹೆಸರೂ ಇರುತ್ತದೆ. ಮುಂಚೆಯೇ ತೆಗೆಯಿರಿ.

ಅಷ್ಟು ಆಗದು ಎನ್ನುವವರಿಗೆ ನೇಪಲ್ಸ್‌ನ ಪುರಾತತ್ವ ಮ್ಯೂಸಿಯಂ ಇದೆ. ಪೊಂಪೆಯಿಂದ ತೆಗೆದ ಚಿತ್ರಗಳು, ಮೊಸಾಯಿಕ್‌ಗಳು ಬಹುಪಾಲು ಅಲ್ಲೇ ಇವೆ. ಬಂದರಿನ ಎದುರಿನ ಮುನಿಚಿಪಿಯೊ ಮೆಟ್ರೊದಿಂದ ಮೂರನೇ ನಿಲ್ದಾಣ 'ಮೂಸೆಯೊ'. ಮಂಗಳವಾರ ರಜೆ.

ಮರುಪ್ರಶ್ನೆ (ಮೈಸೂರಿನ ಸದಸ್ಯರು):
ಊಟದ್ದು, ವೀಸಾದ್ದು ಹೇಳಿಬಿಡಿ ಸರ್. ಹಡಗು ತಪ್ಪಿದರೆ ಏನು ಗತಿ?

ಉತ್ತರ (ಕ್ರೂಸ್ ಪ್ರವಾಸ ಯೋಜಕರು):
ಮಾರ್ಸೇಯಲ್ಲಿ 'ಪಾನಿಸ್' ಕೇಳಿ, ಕಡಲೆಹಿಟ್ಟು ಬೇಯಿಸಿ ಗಟ್ಟಿಯಾದ ಮೇಲೆ ತುಂಡು ಮಾಡಿ ಕರಿದದ್ದು. ಅದೇ ಎಣ್ಣೆಯಲ್ಲಿ ಮೀನೂ ಕರಿಯುತ್ತಾರೆಯೇ ಎಂದು ವಿಚಾರಿಸಿ. ನೇಪಲ್ಸ್‌ನ ಮರಿನಾರಾ ಪಿಜ್ಜಾಕ್ಕೆ ಟೊಮೆಟೊ, ಬೆಳ್ಳುಳ್ಳಿ, ಒರೆಗಾನೊ ಮಾತ್ರ, ಚೀಸ್ ಇಲ್ಲ. ಪಾರ್ಮಿಜಾನೊ ಚೀಸ್‌ಗೆ ಕರುವಿನ ಹೊಟ್ಟೆಯಿಂದ ತೆಗೆದ ಹೆಪ್ಪು ಬಳಸುತ್ತಾರೆ, ಕಟ್ಟುನಿಟ್ಟಿನವರು ಪಾಸ್ತಾ ಮೇಲೆ ಉದುರಿಸಬೇಡಿ ಎಂದು ಮೊದಲೇ ಹೇಳಬೇಕು. ಊರಿನಿಂದ ತುಪ್ಪ, ಪೇಡ ಒಯ್ಯಬೇಡಿ, ಹೊರದೇಶದ ಹಾಲಿನ ಪದಾರ್ಥಗಳನ್ನು ಯುರೋಪ್ ಒಕ್ಕೂಟ ಒಳಗೆ ಬಿಡುವುದಿಲ್ಲ. ಕೆಟಲ್, ರೈಸ್ ಕುಕ್ಕರ್ ಸಿಕ್ಕರೆ ಹಡಗಿನವರು ಎತ್ತಿಟ್ಟುಕೊಂಡು ಕೊನೆಯ ದಿನ ಕೊಡುತ್ತಾರೆ.

ನಿಮ್ಮ ಊರುಗಳೆಲ್ಲ ಷೆಂಗೆನ್ (ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ಗುಂಪು) ಒಳಗೇ ಇವೆ. ಹೆಚ್ಚು ದಿನ ಯಾವ ದೇಶದಲ್ಲಿ ಇರುತ್ತೀರೋ ಆ ದೇಶಕ್ಕೆ ಅರ್ಜಿ ಹಾಕಬೇಕು, ದಿನಗಳು ಸಮವಾದರೆ ಮೊದಲು ಕಾಲಿಡುವ ದೇಶಕ್ಕೆ. ಟ್ಯುನೀಶಿಯಾ ಅಥವಾ ಟರ್ಕಿ ಮುಟ್ಟಿ ಬರುವ ಕ್ರೂಸ್ ಆದರೆ ಮಲ್ಟಿಪಲ್ ಎಂಟ್ರಿ (ಹೊರಹೋಗಿ ಮತ್ತೆ ಒಳಬರಲು ಬಿಡುವ) ವೀಸಾ ಇಲ್ಲದೆ ಹಡಗು ಹತ್ತಿಸುವುದಿಲ್ಲ. ಕೆಲವು ಹಡಗುಗಳಲ್ಲಿ ಪಾಸ್‌ಪೋರ್ಟ್ ರಿಸೆಪ್ಶನ್‌ನಲ್ಲೇ ಇರಿಸಿಕೊಳ್ಳುತ್ತಾರೆ. ಅದಕ್ಕೆ ವೀಸಾ ಪುಟವೂ ಸೇರಿದ ಜೆರಾಕ್ಸ್, ಫೋಟೊ ಇರುವ ಇನ್ನೊಂದು ಮೂಲ ಗುರುತಿನ ಚೀಟಿ ಜೇಬಿನಲ್ಲಿರಲಿ.

ಹಡಗಿನವರದೇ ಟೂರ್ ಬಸ್ ತಡವಾದರೆ ಕಾಯುತ್ತಾರೆ, ಅಥವಾ ಮುಂದಿನ ಬಂದರಿಗೆ ಅವರ ಖರ್ಚಿನಲ್ಲೇ ಕಳಿಸುತ್ತಾರೆ. ನೀವಾಗಿ ಹೋಗಿದ್ದರೆ ಕಾಯುವುದಿಲ್ಲ. ದಿನಾ ಕ್ಯಾಬಿನ್‌ಗೆ ಬರುವ ಹಾಳೆಯಲ್ಲಿ ಪೋರ್ಟ್ ಏಜೆಂಟ್ (ಆ ಬಂದರಿನಲ್ಲಿ ಹಡಗಿನವರ ಪ್ರತಿನಿಧಿ) ಎಂದು ಒಂದು ನಂಬರ್ ಇರುತ್ತದೆ, ಇಳಿಯುವ ಮೊದಲು ಅದರ ಫೋಟೊ ತೆಗೆದುಕೊಳ್ಳಿ. ತಡವಾಗುತ್ತಿದೆ ಎನಿಸಿದ ತಕ್ಷಣ ಫೋನ್ ಮಾಡಿ. ಯಾರಾದರೂ ಮರಳಿ ಬಂದಿಲ್ಲವೆಂದು ತಿಳಿದಾಗ ಸಿಬ್ಬಂದಿ ಕ್ಯಾಬಿನ್ ಸೇಫ್‌ನಲ್ಲಿ ಪಾಸ್‌ಪೋರ್ಟ್ ಹುಡುಕಿ ಆ ಏಜೆಂಟ್ ಕೈಗೆ ಕೊಟ್ಟು ಹೊರಡುವುದು ರೂಢಿ. ನಿಮ್ಮ ಮಾರ್ಗದಲ್ಲಿ ಒಂದು ಅನುಕೂಲವಿದೆ: ಲಿವೋರ್ನೊ, ಚಿವಿತವೆಕ್ಕಿಯಾ ಎರಡೂ ಒಂದೇ ಕರಾವಳಿ ರೈಲು ಹಾದಿಯಲ್ಲಿವೆ, ರೋಮ್‌ನಿಂದ ನೇಪಲ್ಸ್‌ಗೆ ವೇಗದ ರೈಲಿನಲ್ಲಿ ಒಂದು ಗಂಟೆ ಹತ್ತು ನಿಮಿಷ. ಅಲ್ಲಿ ತಪ್ಪಿದರೂ ಮರುದಿನ ಬೆಳಿಗ್ಗೆ ಹಡಗು ಹಿಡಿಯಬಹುದು. ನೇಪಲ್ಸ್‌ನಲ್ಲಿ ತಪ್ಪಿದರೆ ಬಾರ್ಸಿಲೋನಾಗೆ ವಿಮಾನವೇ ಗತಿ, ಆ ದಿನ ಮಾತ್ರ ಇನ್ನೂ ಒಂದು ಗಂಟೆ ಮುಂಚೆ ಮರಳಿ.