ಮನೆ ‘ತೆರವು’ ಅಂದರೆ ಯಾವ ತೆರವು?

ಎಲ್ಲರಿಗೂ ನಮಸ್ಕಾರ. ಒಂದು ಪದ ಬೇಕಾಗಿದೆ. ನೀರು ನುಗ್ಗುವ ಹಾಗಿದ್ದಾಗ ಜನರನ್ನು ಒಂದು ರಾತ್ರಿಗೋ ಎರಡು ದಿನಕ್ಕೋ ಮನೆಯಿಂದ ಹೊರಡಿಸುತ್ತಾರಲ್ಲ, ಇಂಗ್ಲಿಷಿನವರು ಇವ್ಯಾಕ್ಯುಯೇಷನ್ ಅನ್ನುತ್ತಾರೆ, ಅದಕ್ಕೆ ನೀವು ಏನು ಹೇಳುತ್ತೀರಿ?

2022ರ ಸೆಪ್ಟೆಂಬರ್ ಮಳೆ ಬೆಂಗಳೂರಿನವರಿಗೆ ಮರೆತಿರಲಿಕ್ಕಿಲ್ಲ. ಹೊರವರ್ತುಲ ರಸ್ತೆ ಕೆರೆಯಾಗಿತ್ತು, ಜನ ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋದರು. ನಮ್ಮ ಬೀದಿ ಮಳೆನೀರು ಹರಿಯುವ ರಾಜಕಾಲುವೆಗೆ ಅಂಟಿಕೊಂಡೇ ಇದೆ. ಒಂದು ರಾತ್ರಿ ಮೈಕ್ ಕಟ್ಟಿದ ಆಟೊ ಬಂತು. “ತಗ್ಗಿನಲ್ಲಿರುವ ಮನೆಗಳನ್ನು ಕೂಡಲೇ ತೆರವುಗೊಳಿಸಿ” ಅಂತ ಎರಡು ಸಲ ಕೂಗಿ ಮುಂದೆ ಹೋಯಿತು. ಎದುರುಮನೆ ಅಜ್ಜಿ ಮನೆಪತ್ರ, ಕಂದಾಯದ ರಸೀದಿ ಇಟ್ಟಿದ್ದ ಪ್ಲಾಸ್ಟಿಕ್ ಕವರನ್ನು ಎದೆಗೆ ಅವುಚಿಕೊಂಡು ಬಾಗಿಲಲ್ಲೇ ನಿಂತುಬಿಟ್ಟರು. “ಜೇಸಿಬಿ ಎಷ್ಟೊತ್ತಿಗೆ ಬರುತ್ತಪ್ಪಾ?” ಅಂತ ಕೇಳಿದರು. ನೀರು ಬರುತ್ತಿದೆ ಅಜ್ಜಿ, ಮನೆ ಒಡೆಯಲ್ಲ ಅಂತ ತಿಳಿಸಿ ಹೊರಡಿಸುವಷ್ಟರಲ್ಲಿ ಹೊಸ್ತಿಲು ಮುಳುಗಿತ್ತು.

ಅವರದೇನೂ ತಪ್ಪಿಲ್ಲ. ರಾಜಕಾಲುವೆ ಪಕ್ಕ ಇರುವವರು ವರ್ಷವೆಲ್ಲ ಕೇಳುವುದು ‘ಒತ್ತುವರಿ ತೆರವು’ ಅಂತಲೇ ಅಲ್ವಾ. ಆ ಪದ ಕಿವಿಗೆ ಬಿದ್ದರೆ ಯಾರೂ ಮನೆ ಬಿಟ್ಟು ಹೋಗುವುದಿಲ್ಲ, ಇನ್ನೂ ಗಟ್ಟಿಯಾಗಿ ಕೂರುತ್ತಾರೆ.

ಹಾಗಾದರೆ ‘ಮನೆ ಖಾಲಿ ಮಾಡಿ’ ಅನ್ನೋಣವೇ? ಅದು ಬಾಡಿಗೆದಾರರಿಗೆ ಮನೆ ಮಾಲೀಕ ಹೇಳುವ ಮಾತು. ‘ಸ್ಥಳಾಂತರ’ ಪತ್ರಿಕೆಗೆ ಸರಿ, ಆದರೆ ಅದೂ ವಾಪಸ್ ಬರುವ ಮಾತಲ್ಲ. ಆಲಮಟ್ಟಿ ಹಿನ್ನೀರಿನಿಂದಾಗಿ ಬಾಗಲಕೋಟೆಯ ಹಳೇ ಊರು ಬಿಟ್ಟು ನವನಗರಕ್ಕೆ ಹೋದವರದು ಸ್ಥಳಾಂತರ. ಮೂರು ಪದಗಳಲ್ಲೂ ಮನೆ ಕೈಬಿಟ್ಟು ಹೋಗುವ ಭಯವೇ ಇದೆ. ‘ಈಗ ಹೋಗಿ, ಆಮೇಲೆ ಬನ್ನಿ’ ಅನ್ನುವ ಅರ್ಥ ಒಂದರಲ್ಲೂ ಇಲ್ಲ.

ಒಳ್ಳೆ ಪದ ಸಿಕ್ಕರೆ ಎಷ್ಟು ವ್ಯತ್ಯಾಸವಾಗುತ್ತದೆ ನೋಡಿ. ಮೊದಲು ‘ಗಂಜಿ ಕೇಂದ್ರ’ ಅನ್ನುತ್ತಿದ್ದೆವು. ಅಲ್ಲಿಗೆ ಹೋಗಲು ಎಷ್ಟೋ ಜನಕ್ಕೆ ಸಂಕೋಚ, ಕೈಚಾಚಿದ ಹಾಗೆ. ಈಗ ನೆರೆ ಬಂದರೆ ಸರ್ಕಾರ ತೆರೆಯುವುದು ‘ಕಾಳಜಿ ಕೇಂದ್ರ’. ಮರಾಠಿಯಲ್ಲೂ ಇರುವ ಪದ, ಅಲ್ಲಿ ಚಿಂತೆ ಅಂತಲೂ ಅರ್ಥ, ಆರೈಕೆ ಅಂತಲೂ ಅರ್ಥ. ಉತ್ತರ ಕರ್ನಾಟಕದಲ್ಲಿ ‘ಕಾಳಜಿ ಮಾಡಬ್ಯಾಡ’ ಅಂದರೆ ಚಿಂತೆ ಬೇಡ ಅಂತಲೇ. ನನಗಂತೂ ತುಂಬಾ ಇಷ್ಟವಾದ ಬದಲಾವಣೆ ಇದು.

ಇದನ್ನು ಈಗ ಕೇಳುವುದಕ್ಕೆ ಕಾರಣವಿದೆ. 2005ರ ವಿಪತ್ತು ನಿರ್ವಹಣಾ ಕಾಯ್ದೆಯಲ್ಲಿ ಜಿಲ್ಲೆಗೊಂದು ಪ್ರಾಧಿಕಾರ, ಅದಕ್ಕೆ ಜಿಲ್ಲಾಧಿಕಾರಿ ಅಧ್ಯಕ್ಷರು. 2025ರ ತಿದ್ದುಪಡಿಯಲ್ಲಿ ರಾಜಧಾನಿಗಳಿಗೆ, ಮಹಾನಗರ ಪಾಲಿಕೆ ಇರುವ ಊರುಗಳಿಗೆ ನಗರದ್ದೇ ಪ್ರಾಧಿಕಾರ ಮಾಡಲು ಅವಕಾಶ ಬಂದಿದೆ. ಅಂದರೆ ಬೆಂಗಳೂರು ಒಂದೇ ಅಲ್ಲ, ಮೈಸೂರು, ಮಂಗಳೂರು, ಹುಬ್ಬಳ್ಳಿ-ಧಾರವಾಡಕ್ಕೂ ವಿಪತ್ತು ಎದುರಿಸುವ ಹೊಸ ಯೋಜನೆ ಬರೆಯಬಹುದು. ಯಾವ ಬೀದಿ ತಗ್ಗು, ಯಾವ ಶಾಲೆ ತೆರೆಯಬೇಕು, ಅದರ ಬೀಗದ ಕೈ ಯಾರ ಹತ್ತಿರ, ಎಲ್ಲ ಅದರಲ್ಲಿ ಇರಬೇಕು. ಮೈಕಿನಲ್ಲಿ ಏನು ಕೂಗಬೇಕು ಅನ್ನುವುದೂ ಇರಲಿ, ಅದೂ ಕನ್ನಡದಲ್ಲೇ ಇರಲಿ ಅನ್ನುವುದು ನನ್ನ ಆಸೆ. ಇಂಗ್ಲಿಷಿನಲ್ಲಿ ಬರೆದು ಕೊನೆಗೆ ಸುಮ್ನೆ ಅನುವಾದ ಮಾಡಿದರೆ ಮತ್ತೆ ‘ತೆರವು’ ಬಂದು ಕೂರುತ್ತದೆ.

ನನಗೆ ಹೊಳೆದದ್ದು ಇಷ್ಟು: ನಾಮಪದ ಬಿಟ್ಟು ಕ್ರಿಯಾಪದವನ್ನೇ ಹಿಡಿಯೋಣ. “ನೀರು ಬರುತ್ತಿದೆ, ಈಗಲೇ ಹೊರಟು ಶಾಲೆಗೆ ಬನ್ನಿ, ನೀರಿಳಿದ ಮೇಲೆ ಮನೆಗೆ ಹೋಗಬಹುದು.” ಕೂಗಲು ಇದು ಸಾಕು. ಆದರೆ ವರದಿ ಬರೆಯುವವರಿಗೆ, ತಲೆಬರಹ ಕೊಡುವವರಿಗೆ ಒಂದೇ ಪದ ಬೇಕಾಗುತ್ತದೆ. ಕೃಷ್ಣೆ, ತುಂಗಭದ್ರೆ, ನೇತ್ರಾವತಿ ದಡದವರು ಈ ಬಳಗದಲ್ಲಿ ಇದ್ದೀರಿ. ಹೊಳೆ ಏರಿದಾಗ ದನಕರು ಹೊಡೆದುಕೊಂಡು ದಿನ್ನೆಗೆ ಹೋಗಿ, ಇಳಿದ ಮೇಲೆ ವಾಪಸ್ ಬರುವುದಕ್ಕೆ ನಿಮ್ಮ ಮನೆಯ ಹಿರಿಯರು ಏನನ್ನುತ್ತಿದ್ದರು? ದಯವಿಟ್ಟು ಕೇಳಿ ತಿಳಿಸಿ, ಅವರು ಹೇಳಿದ ವಾಕ್ಯವನ್ನು ಇದ್ದ ಹಾಗೇ ಬರೆಯಿರಿ.